ನಮ್ಮ ಭಾವನ ವೆಬ್‌ಸೈಟಿಗೆ ಬರುತ್ತಿದ್ದವರು

ಗೌರಿಬಿದನೂರಿನಲ್ಲಿ ದೆವ್ವಗಳಿಗೆಂದು ವೆಬ್‌ಸೈಟ್ ತೆರೆದ ಮೊದಲ ಮನುಷ್ಯ ನಮ್ಮ ಭಾವ. ಇದು ನನ್ನ ಮಾತಲ್ಲ, ಊರಿನವರ ಮಾತು. ಭಾವ ತೆರೆದದ್ದೇನೋ ತಮ್ಮ ಫೋಟೋ ಸ್ಟುಡಿಯೋಗೆ. ಆದರೆ ಅಲ್ಲಿಗೆ ಬಂದು ಹೋಗುತ್ತಿದ್ದವರು ಯಾರು ಅನ್ನುವುದರಲ್ಲೇ ಇತ್ತು ತಕರಾರು! ಅದನ್ನು ಕೈಯಾರೆ ಮಾಡಿಕೊಟ್ಟವಳು ನಾನಾದ್ದರಿಂದ ಈ ಪಾಪದಲ್ಲಿ ನನಗೂ ಪಾಲಿದೆ.

ಭಾವ ಎಂದರೆ ನನ್ನಕ್ಕನ ಗಂಡ. ಹೆಸರು ಬರೆದರೆ ಅಕ್ಕ ನನ್ನನ್ನು ಮನೆಗೆ ಸೇರಿಸುವುದಿಲ್ಲ, ಬರೀ ಭಾವ ಎಂದೇ ಇರಲಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೂವತ್ತು ವರ್ಷದಿಂದ ಅವರ ಸ್ಟುಡಿಯೋ. ಎರಡು ಸಾವಿರದ ಐದೋ ಆರೋ ಇರಬೇಕು, ಎದುರುಗಡೆಯೇ ಐದು ನಿಮಿಷದಲ್ಲಿ ಫೋಟೋ ಕೈಗಿಡುವ ಡಿಜಿಟಲ್ ಅಂಗಡಿ ಬಂತು. ಭಾವನದು "ಗುರುವಾರ ಬನ್ನಿ" ಎನ್ನುವ ಕಾಲದ ಕ್ಯಾಮೆರಾ. ಗಿರಾಕಿಗಳು ಕರಗತೊಡಗಿದರು. ಒಂದು ಭಾನುವಾರ ಅವರು ಚಿಕ್ಕಬಳ್ಳಾಪುರದ ನನ್ನ ಮನೆಗೆ ಬಂದು ಕುಳಿತರು. ನಾನಾಗ ಅಲ್ಲಿಯ ಒಂದು ಕಂಪ್ಯೂಟರ್ ತರಗತಿಯಲ್ಲಿ ಪಾಠ ಹೇಳುತ್ತಿದ್ದೆ.

"ನಾದಿನಿಯಮ್ಮ, ನಂಗೊಂದು ವೆಬ್‌ಸೈಟ್ ಮಾಡ್ಕೊಡಮ್ಮ. ಅಂಗಡಿ ಬಾಗಿಲು ಹಾಕಿದ್ಮೇಲೂ ಜನ ಬರ್ತಾನೇ ಇರ್ತಾರಂತಲ್ಲ?"

"ಬರ್ತಾರೆ ಭಾವ," ಎಂದೆ. ಎಂಥವರು ಬರುತ್ತಾರೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಯೋಜನೆ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಆಗಲೇ ತಯಾರಾಗಿತ್ತು. ಮನೆ ಕಟ್ಟುವವರು ಹಾಕುವಂಥ ನಕ್ಷೆ! ಇಲ್ಲಿ ಬಾಗಿಲು, ಇಲ್ಲಿ ಬೆಂಚು, ಮೂಲೆಯಲ್ಲಿ ಪೌಡರ್ ಡಬ್ಬಿ.

"ವೆಬ್‌ಸೈಟಿಗೆ ಪೌಡರ್ ಡಬ್ಬಿ ಯಾಕೆ ಭಾವ?"

"ಬಿಸಿಲಲ್ಲಿ ಬಂದೋರು ಮುಖಕ್ಕೆ ಒಂಚೂರು ಹಚ್ಕೊಳ್ಳೋದು ಬೇಡ್ವೇನಮ್ಮ?"

ಆದರೆ ನಕ್ಷೆಯ ಹಿತ್ತಲಲ್ಲಿ ಇನ್ನೊಂದು ಕೋಣೆಯಿತ್ತು. ಯಾರೂ ಬಂದು ಒಯ್ಯದ ಫೋಟೋಗಳ ಕೋಣೆ. ತೆಗೆಸಿಕೊಂಡು ಹೋಗಿ ಮತ್ತೆ ಇತ್ತ ತಲೆ ಹಾಕದವರ ಮುಖಗಳನ್ನು ಭಾವ ಮೂವತ್ತು ವರ್ಷ ಒಂದು ಟ್ರಂಕಿನಲ್ಲಿ ತುಂಬಿಟ್ಟಿದ್ದರು. ಅಕ್ಕ ಎಷ್ಟು ಸಲ ಬಯ್ದರೂ ಎಸೆದಿರಲಿಲ್ಲ. "ಮುಖಾನ ಕಸಕ್ಕೆ ಹಾಕೋಕಾಗುತ್ತೇನೇ?" ಎನ್ನುತ್ತಿದ್ದರು. ಈಗ ಅವನ್ನೆಲ್ಲ ಸೈಟಿನಲ್ಲಿ ಹಾಕಬೇಕು, ಕೆಳಗೆ ಹೆಸರು, ಊರು ಬರೆಯಬೇಕು, ನೋಡಿದವರು ಬಂದು ಒಯ್ಯಬೇಕು, ಒಯ್ದ ಮೇಲೆ ಸೈಟಿನಿಂದ ತೆಗೆಯಬೇಕು. ಇದು ಅವರ ಕರಾರು.

ಸ್ಕ್ಯಾನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸ್ಟುಡಿಯೋದ ಒಳಕೋಣೆಗೆ ಕಿಟಕಿ ಇಲ್ಲ, ನಡುಹಗಲಿನಲ್ಲೂ ಕತ್ತಲು. ಒಂದೊಂದೇ ಮುಖವನ್ನು ಗಾಜಿನ ಮೇಲೆ ಬೋರಲು ಮಲಗಿಸಿ ಮುಚ್ಚಳ ಹಾಕಿದರೆ, ಸಂದಿಯಿಂದ ಹಸಿರು ಬೆಳಕು ಯಾರೋ ಬ್ಯಾಟರಿ ಹಿಡಿದು ಹುಡುಕುವ ಹಾಗೆ ಮೆಲ್ಲಗೆ ಸರಿಯುತ್ತಿತ್ತು. ಎರಡು ದಿನದಲ್ಲಿ ನೂರಾರು ಮುಖ. ಆಮೇಲೆ ಬಸ್ಸಿನಲ್ಲಿ ಯಾರನ್ನು ನೋಡಿದರೂ ಟ್ರಂಕಿನಿಂದ ಎದ್ದು ಬಂದವರಂತೆ ಕಾಣತೊಡಗಿದರು!

ಭಾವನ ಪ್ರಚಾರದ ವೈಖರಿ ಕೇಳಬೇಡಿ. ರಬ್ಬರ್ ಸ್ಟಾಂಪ್ ಮಾಡಿಸಿ ಸೈಟಿನ ವಿಳಾಸವನ್ನು ಪ್ರತಿಯೊಂದು ಫೋಟೋ ಲಕೋಟೆಯ ಮೇಲೂ ಗುದ್ದಿದರು. ಅದು ಸಾಲದೆ ಕೈವಾರದ ಬಸ್ಸು ಹತ್ತಿ ಚೀಟಿ ಹಂಚಿದರು. ಒಬ್ಬ ಅಜ್ಜಿ ಚೀಟಿಯನ್ನು ಕಣ್ಣಿಗೊತ್ತಿಕೊಂಡು, "ಇದೇಮಿ ಮಂತ್ರಂ ನಾಯನಾ?" ಎಂದು ತೆಲುಗಿನಲ್ಲಿ ಕೇಳಿದರಂತೆ. "ಮಂತ್ರವೇ ಅವ್ವ. ಮೊದ್ಲು ಮೂರು ಸಲ ಡಬ್ಲ್ಯೂ ಅನ್ಬೇಕು," ಎಂದರಂತೆ ಭಾವ. ಪಾಪ, ಆ ಅಜ್ಜಿ ಕೈವಾರ ಬರುವವರೆಗೂ ಡಬ್ಲ್ಯೂ ಜಪ ಮಾಡಿದರಂತೆ!

ಇನ್ನು ರಕ್ಷಣೆ. "ಬೀಗ ಎಲ್ಲಮ್ಮ ಹಾಕೋದು?" ಎಂದರು. ಪಾಸ್‌ವರ್ಡ್ ಎಂದರೇನೆಂದು ವಿವರಿಸಿದೆ. ನನ್ನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ಯಾರಿಗೂ ಹೇಳದ ಒಂದು ಪದ ಇಟ್ಟರು. ಮೂರನೇ ದಿನಕ್ಕೆ ಅದು ಅವರಿಗೂ ಹೇಳದ ಪದವಾಯಿತು! ಮುಖಗಳನ್ನು ಯಾರಾದರೂ ಕದ್ದರೆ ಎಂಬ ಚಿಂತೆ ಬೇರೆ. ಅದಕ್ಕೆ ಪ್ರತಿಯೊಂದು ಫೋಟೋದ ಮೇಲೂ ಸ್ಟುಡಿಯೋದ ಹೆಸರು ಅಚ್ಚು ಹಾಕಿಸಿದರು. ಎಲ್ಲಿ? ಸರಿಯಾಗಿ ಹಣೆಯ ಮೇಲೆ. ಅಕ್ಕ ನೋಡಿ, "ಹಣೆಬರಹ ಅಂದ್ರೆ ಇದೇ ಕಣೇ," ಎಂದು ನಕ್ಕಳು.

ಮೊದಲು ಬಂದವರು ಅಲೀಪುರದ ಒಬ್ಬ ಹಿರಿಯರು. ಯಾರೋ ನೆಂಟರು ಸೈಟ್ ನೋಡಿ ಹೇಳಿದ್ದರಂತೆ. ಭಾವ ಫೋಟೋ ಒಂದು ಕೈಯಲ್ಲಿ ಹಿಡಿದು, ಅವರ ಕಿವಿಯನ್ನು ಆ ಕಡೆ ಈ ಕಡೆಯಿಂದ ಪರೀಕ್ಷಿಸಿ, "ತಗೊಳ್ಳಿ ಸಾಹೇಬ್ರೆ, ನಿಮ್ಮಪ್ಪನೇ. ಕಿವಿ ಸುಳ್ಳು ಹೇಳಲ್ಲ," ಎಂದು ಕೊಟ್ಟರು. "ಅಬ್ಬಾದು ಮನೇಲಿ ಒಂದೂ ಫೋಟೋ ಇರ್ಲಿಲ್ಲ ಸ್ವಾಮಿ. ಹೋಗಿ ಹದಿನೆಂಟು ವರ್ಷ ಆಯ್ತು," ಎಂದರು ಅವರು. ಆಮೇಲೆ ಇನ್ನೂ ನಾಲ್ಕೈದು ಜನ ಬಂದರು. ಎಲ್ಲರೂ ಸತ್ತವರನ್ನೇ ಒಯ್ಯಲು ಬಂದವರು! ಊರಿನಲ್ಲಿ ಮಾತು ಹುಟ್ಟಿತು: ಅದು ದೆವ್ವದ ಸೈಟು, ಅದರಲ್ಲಿರುವವರು ಯಾರೂ ಬದುಕಿಲ್ಲ.

ನಾನು ನಗುತ್ತಿದ್ದೆ, ನಲವತ್ತೊಂದನೇ ಫೋಟೋದ ವಿಷಯ ಗಮನಕ್ಕೆ ಬರುವವರೆಗೆ.

ಅದು ಒಬ್ಬ ಹೆಂಗಸಿನದು. ಇಪ್ಪತ್ತೈದರ ಆಸುಪಾಸು, ತೊಂಡೇಬಾವಿಯವರು. ಫ್ಲ್ಯಾಶ್ ಬಿದ್ದ ಕ್ಷಣಕ್ಕೆ ಕಣ್ಣು ಮುಚ್ಚಿಬಿಟ್ಟಿದ್ದಾರೆ. ಕೆಲಸದ ಅರ್ಜಿಗೆಂದು ರೈಲಿನಲ್ಲಿ ಬಂದಿದ್ದರಂತೆ. ಗುರುವಾರ ಬನ್ನಿ, ಇನ್ನೊಂದು ತೆಗೆಯೋಣ ಎಂದು ಭಾವ ಹೇಳಿ ಕಳಿಸಿದ್ದರು. ಬರಲೇ ಇಲ್ಲ. ಇಪ್ಪತ್ತು ವರ್ಷದ ಮೇಲಾಗಿತ್ತು. ಆಗಿನ ನಮ್ಮ ಇಂಟರ್ನೆಟ್ಟಿನಲ್ಲಿ ಫೋಟೋ ಒಮ್ಮೆಗೇ ಮೂಡುತ್ತಿರಲಿಲ್ಲ. ಮೊದಲು ಕೂದಲು, ಆಮೇಲೆ ಹಣೆ, ಹುಬ್ಬು, ಹೀಗೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಈ ಮುಖ ಮಾತ್ರ ಮುಚ್ಚಿದ ಕಣ್ಣಿನ ಹತ್ತಿರ ಬಂದು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಇನ್ನೇನು ಕಣ್ಣು ಬಿಡುತ್ತಾರೇನೋ ಎಂದು ನಾನು ಉಸಿರು ಹಿಡಿಯುತ್ತಿದ್ದೆ.

ಪ್ರತಿ ಫೋಟೋದ ಕೆಳಗೂ ಎಷ್ಟು ಜನ ನೋಡಿದರು, ಕೊನೆಯದಾಗಿ ಎಷ್ಟು ಹೊತ್ತಿಗೆ ನೋಡಿದರು ಎಂದು ತೋರಿಸುವ ಅಂಕಿ ಇಟ್ಟಿದ್ದೆ. ಬೇರೆಯವು ಎಂಟು, ಹತ್ತು ಎಂದು ಮಲಗಿದ್ದವು. ನಲವತ್ತೊಂದರದು ದಿನಕ್ಕೆ ಒಂದರಂತೆ ಏರುತ್ತಿತ್ತು. ಬೆಳಿಗ್ಗೆ ಹನ್ನೊಂದೂಕಾಲಿಗೆ. ಭಾನುವಾರ ಇಲ್ಲ. ಹಬ್ಬಕ್ಕೂ ಇಲ್ಲ.

"ದೆವ್ವಕ್ಕೂ ಭಾನುವಾರ ರಜಾನಾ ಭಾವ?" ಎಂದೆ. ಭಾವ ನಗಲಿಲ್ಲ.

ಒಂದು ದಿನ, ಬಂದವರು ಅಭಿಪ್ರಾಯ ಬರೆಯುವ ಪುಟದಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದು ಸಾಲು ಕಂಡಿತು: "ನಲವತ್ತೊಂದು. ಇವರನ್ನು ತೆಗೆಯಬೇಡಿ." ಹೆಸರಿಲ್ಲ, ಊರಿಲ್ಲ. "ಯಾರು ನೀವು? ಬಂದು ಫೋಟೋ ತಗೊಂಡು ಹೋಗಿ," ಎಂದು ಭಾವ ನನ್ನಿಂದ ಉತ್ತರ ಬರೆಸಿದರು. ಮಾರನೆಯ ದಿನ ಹನ್ನೊಂದೂಕಾಲಿಗೆ ಅಂಕಿ ಒಂದು ಏರಿತು. ಅಷ್ಟೇ.

ಆಮೇಲೆ ನಮ್ಮ ಸೈಟನ್ನು ಇಟ್ಟುಕೊಂಡಿದ್ದ ದೂರದ ಯಾವುದೋ ಯಂತ್ರ ಕೆಟ್ಟು, ಮೂರು ದಿನ ಎಲ್ಲವೂ ಮಾಯವಾಯಿತು. ನಾಲ್ಕನೇ ದಿನ ಸರಿಯಾದ ಮೇಲೆ ತೆರೆದು ನೋಡಿದೆ. ಹೊಸ ಸಾಲೊಂದು ಕಾಯುತ್ತಿತ್ತು:

"ಮೂರು ದಿನ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಿದ್ದಿರಿ?"

ಹಗಲು ಹನ್ನೆರಡು ಗಂಟೆ. ತರಗತಿಯ ತುಂಬ ಜನ. ಆದರೂ ನಾನು ಎದ್ದು ಹೋಗಿ ಕಿಟಕಿಯ ಪಕ್ಕ ಬಿಸಿಲಿನಲ್ಲಿ ನಿಂತೆ.

ಅಷ್ಟರಲ್ಲಿ ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯೊಬ್ಬರ ಮನೆಯ ದೊಡ್ಡ ಮದುವೆಯೊಂದು ಕೈತಪ್ಪಿತು. ವರ್ಷದಲ್ಲಿ ಬಂದಿದ್ದೇ ಅದೊಂದು ಮದುವೆ. "ನಮ್ಮ ಹುಡುಗಿ ಫೋಟೋನ ಸತ್ತೋರ ಪಕ್ಕದಲ್ಲಿ ಹಾಕ್ತೀರೇನ್ರಿ?" ಎಂದು ಅವರು ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿ ಹೋದರು. ಅಕ್ಕ ಮೊದಲ ಸಲ ಅತ್ತಳು.

"ರೀ, ಇರೋರ ಫೋಟೋ ತೆಗೀರಿ ಅಂದ್ರೆ ಹೋದೋರಿಗೆ ಮನೆ ಕಟ್ಕೊಟ್ಟಿದೀರಲ್ರೀ. ನಮ್ಮನೆ ಗತಿ ಏನು?"

ಎರಡು ದಿನ ಬಿಟ್ಟು ಭಾವ ಫೋನ್ ಮಾಡಿದರು. "ಆ ಪುಟ ಮುಚ್ಚಿಬಿಡೋಣಮ್ಮ. ಸೋಮವಾರ ಮುಚ್ತೀವಿ ಅಂತ ಬರಿ. ಹೇಳ್ದೆ ಕೇಳ್ದೆ ಮುಚ್ಚೋದು ತಪ್ಪು." ಬರೆದೆ.

ಶನಿವಾರ ಮಧ್ಯಾಹ್ನ ನಾನು ಸ್ಟುಡಿಯೋದಲ್ಲೇ ಇದ್ದೆ. ಕರೆಂಟ್ ಇರಲಿಲ್ಲ. ಬಾಗಿಲಿಗೆ ಯಾರೋ ಅಡ್ಡವಾದರು, ಒಳಗಿದ್ದ ಸ್ವಲ್ಪ ಬೆಳಕೂ ಹೋಯಿತು. ಬಿಸಿಲಿಗೆ ಬೆನ್ನು ಮಾಡಿ ನಿಂತ ಆ ಮುಖವನ್ನು ಕಂಡು ನನ್ನ ಕೈಲಿದ್ದ ಲಕೋಟೆಗಳು ಜಾರಿ ಬಿದ್ದವು. ನಲವತ್ತೊಂದು!

"ಸೋಮವಾರ ಮುಚ್ತೀವಿ ಅಂತ ಹಾಕಿದೀರಿ," ಎಂದಳು ಬಂದ ಹುಡುಗಿ. "ಅವರು ನಮ್ಮಮ್ಮ."

ಭಾವ ಕುರ್ಚಿ ಎಳೆದು ಕೂರಿಸಿದರು. ಅವಳು ಚಿಂತಾಮಣಿಯ ಒಂದು ಶಾಲೆಯ ಗುಮಾಸ್ತೆ. ಮಕ್ಕಳ ಅರ್ಜಿಗೆ ಫೋಟೋ ಅಂಟಿಸುವಾಗ ಒಂದು ಲಕೋಟೆಯ ಮೇಲೆ ನಮ್ಮ ವಿಳಾಸ ಕಂಡಿದ್ದಳು. ಶಾಲೆಯ ಕಂಪ್ಯೂಟರ್ ಅವಳಿಗೆ ಸಿಗುತ್ತಿದ್ದದ್ದು ಹನ್ನೊಂದೂಕಾಲಿಗೆ, ಎಲ್ಲರೂ ಕಾಫಿಗೆ ಎದ್ದಾಗ. ಸುಮ್ಮನೆ ನೋಡುತ್ತಾ ಹೋದವಳಿಗೆ ತಾಯಿಯ ಹೆಸರು, ಊರು ಎದುರಾಗಿತ್ತು. ತಾಯಿ ಜ್ವರದಲ್ಲಿ ತೀರಿಕೊಂಡಾಗ ಇವಳಿಗೆ ಹತ್ತು ತಿಂಗಳು. ಸಾಕಿದ ಅಜ್ಜಿಯನ್ನು ಶಾಲೆಗೆ ಕರೆತಂದು ತೋರಿಸಿದಳಂತೆ. ಅಜ್ಜಿ ಗಾಜನ್ನು ಸವರಿ, ಹೌದು ಎಂದಿದ್ದರು.

"ಮತ್ತೆ ಮೊದ್ಲೇ ಯಾಕೆ ಬರ್ಲಿಲ್ಲಮ್ಮ?" ಎಂದರು ಭಾವ.

"ತಗೊಂಡು ಹೋದ್ರೆ ಅಲ್ಲಿಂದ ತೆಗೀತೀರಿ ಅಂತ ಇತ್ತಲ್ಲ ಸಾರ್. ದಿನಾ ಹೋಗಿ ನೋಡ್ಕೊಂಡು ಬರೋದು ಅಭ್ಯಾಸ ಆಗ್ಬಿಟ್ಟಿತ್ತು." ಆಮೇಲೆ ಕೇಳಿದಳು. "ಕಣ್ಣು ಬಿಟ್ಟಿರೋದು ಒಂದೂ ಇಲ್ವಾ?"

ಭಾವ ಅವಳನ್ನು ಮೂಲೆಯ ಕನ್ನಡಿಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು. "ಅಲ್ಲಿ ನೋಡಮ್ಮ. ಇವೇ ಆ ಕಣ್ಣು. ನಂಗೆ ಚೆನ್ನಾಗಿ ನೆನಪಿದೆ," ಎಂದರು. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಫೋಟೋವನ್ನು ಸೆರಗಿನೊಳಗೆ ಇಟ್ಟುಕೊಂಡು ಬಸ್ಸಿಗೆ ಹೋದಳು. ನಲವತ್ತೊಂದನ್ನು ನಾವು ಸೈಟಿನಿಂದ ತೆಗೆಯಲಿಲ್ಲ, ಪುಟ ಮುಚ್ಚುವ ಮಾತನ್ನು ಆಮೇಲೆ ಅಕ್ಕನೂ ಎತ್ತಲಿಲ್ಲ.

"ನಿಜವಾಗ್ಲೂ ನೆನಪಿತ್ತಾ ಭಾವ?" ಎಂದೆ, ಅವಳು ಹೋದ ಮೇಲೆ.

"ಎಷ್ಟು ಸಾವಿರ ಕಣ್ಣು ನೋಡಿದೀನಮ್ಮ, ಎಲ್ಲಿ ನೆನಪಿರುತ್ತೆ? ಆ ಮಗು ಮುಂದೆ ಇಲ್ಲ ಅನ್ನೋಕಾಗುತ್ತಾ?"

ಅಷ್ಟು ಹೇಳಿ ಅವರು ಬಾಚಣಿಗೆ ತೆಗೆದುಕೊಂಡು ತಲೆ ಬಾಚಿಕೊಂಡರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಹೋಗಿ ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತರು.

"ಬಾಮ್ಮ, ನಂದೊಂದು ತೆಗಿ. ಮದುವೆಯಾದ ಮೇಲೆ ನಂದು ಒಂದೂ ಇಲ್ಲ. ನಿಮ್ಮಕ್ಕನಿಗೆ ಬೇಕಾಗುತ್ತೆ."

ಮೂವತ್ತು ವರ್ಷ ಊರಿಗೆಲ್ಲ ಕ್ಯಾಮೆರಾ ಹಿಡಿದವರು ಮೊದಲ ಸಲ ಅದರ ಎದುರು ಕೈಕಟ್ಟಿ ಕುಳಿತಿದ್ದರು, ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಹಾಗೆ. ನಾನು ಒಂದು, ಎರಡು, ಮೂರು ಎಂದು ಒತ್ತಿದೆ. ಆ ಫೋಟೋ ಈಗ ಅಕ್ಕನ ಮನೆಯ ಹಾಲಿನ ಗೋಡೆಯ ಮೇಲಿದೆ. ಸ್ವಲ್ಪ ಮಸುಕಾಗಿದೆ. ಭಾವ ಅವತ್ತು ಅಲುಗಾಡಿಬಿಟ್ಟರು ಎಂದೇ ಅಕ್ಕ ಎಲ್ಲರಿಗೂ ಹೇಳುತ್ತಾಳೆ. ಅಲುಗಾಡಿದ್ದು ನನ್ನ ಕೈ.