ಮೂಡೆ ಎಲೆಯ ಕ್ಷಿಪಣಿ

ಕ್ಷಿಪಣಿಗೂ ರೆಕ್ಕೆ ಇರುತ್ತದೆಂದು ಶ್ರೀಪಾದನಿಗೆ ಗೊತ್ತಾದದ್ದು, ಅದು ಕೊಳವೆಯ ಬಾಯಲ್ಲಿ ಸಿಕ್ಕಿಕೊಂಡಾಗ.

ಊರಂಚಿನ ಎಂಬಕಸಿಯಲ್ಲಿ ಅವನು ದುಡಿಯುವ ಗೋದಾಮಿಗೆ ಊಟದ ಮೇಜಿನಷ್ಟುದ್ದದ ಯುದ್ಧನೌಕೆಯ ಮಾದರಿಯೊಂದು ಬಂದಿತ್ತು. ಅದರ ಡೆಕ್ಕಿನಲ್ಲಿ ನೆಟ್ಟಗೆ ಕೆಳಗಿಳಿಯುವ ಎಂಟು ಕೊಳವೆ. ನಿಜವಾದ ಹಡಗಿನಲ್ಲಾದರೆ, ಶತ್ರು ವಿಮಾನ ಕಂಡೊಡನೆ ಅಲ್ಲಿಂದ ಕ್ಷಿಪಣಿಗಳು ಚಿಮ್ಮುತ್ತವೆ. ಇಲ್ಲಿ ರಬ್ಬರಿನವನ್ನು ಒಳಗಿಳಿಸಿ ಪ್ರದರ್ಶನಕ್ಕೆ ಕಳಿಸಿದರಾಯಿತು.

"ತಯಾರಿಸಿದ ಕಂಪನಿ ಮೇಡಂ ಮಧ್ಯಾಹ್ನ ನೋಡಕ್ಕೆ ಬರ್ತಾರೆ. ಅವರು ಒಪ್ಪಿದ್ರೆ ಊರೊಳಗಿನ ಹರ್ಲಿಂಗ್‌ಹ್ಯಾಮ್ ಆಫೀಸಲ್ಲಿ ಕಿಟಕಿ ಪಕ್ಕದ ಕುರ್ಚಿ ನಿಂದೇ ಕಣಯ್ಯ" ಎಂದಿದ್ದರು ಬಾಸ್ ಹೃಷಿಕೇಶ್. ವರ್ಷಗಟ್ಟಲೆ ಗೋದಾಮಿನ ಧೂಳು ಕುಡಿದ ಶ್ರೀಪಾದನಿಗೆ ಆ ಕುರ್ಚಿ ಕನಸಲ್ಲೂ ಬರುತ್ತಿತ್ತು.

"ಸೋಪ್ ಹಚ್ಚಿ ಸಾರ್" ಎಂದ ಪ್ಯಾಕಿಂಗಿನ ಫೆಲಿಕ್ಸ್. ಹಚ್ಚಿದರು. ಒತ್ತಿದ ಕೂಡಲೇ ಕ್ಷಿಪಣಿ ಮೀನಿನಂತೆ ಜಾರಿ ಹಾರಿ, ಫೆಲಿಕ್ಸನ ಚಹಾದಲ್ಲೇ ಮುಳುಗಿತು.

"ಹಾರೋದೇನೋ ಹಾರುತ್ತೆ ಮಹಾರಾಯ, ಒಳಗೆ ಹೋಗಲ್ವಲ್ಲ!" ಎಂದ ಶ್ರೀಪಾದ.

"ಹಾಗಾದ್ರೆ ರೆಕ್ಕೆ ಕತ್ತರಿಸುವ."

"ಜತೆಗೆ ನನ್ನ ಕುರ್ಚಿ ಕಾಲೂ ಕತ್ತರಿಸಿಬಿಡು!"

ಲೆಕ್ಕಪತ್ರದ ರೋಸಕ್ಕ ಮೂಲೆಯಲ್ಲಿ ಬುತ್ತಿ ಬಿಚ್ಚಿದ್ದರು. ಅತ್ತೆ ಮಂಗಳೂರಿನಿಂದ ತಂದ ಕೇದಗೆ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಮೂಡೆ, ಕೊಳವೆಯಂಥ ಉದ್ದನೆಯ ಇಡ್ಲಿ. "ಎಂತದು ಮಾರಾಯ್ರೇ ನಿಮ್ಮ ಗಲಾಟೆ? ಬಿಡಿ ಇತ್ಲಾಗಿ. ಎಲೆ ಸುತ್ತದೆ ಕೊಳವೆ ಆಕಾರ ಬರ್ತದಾ?"

ಮೂಡೆ ಬಾಯಿಗೆ ಹೋಯಿತು, ಮೆತ್ತಗಾದ ಎಲೆ ಕ್ಷಿಪಣಿಗೆ ಬಂತು. ರೆಕ್ಕೆ ಮಡಚಿ, ಎಲೆ ಬಿಗಿಯಾಗಿ ಸುತ್ತಿ, ತೆಂಗಿನೆಣ್ಣೆ ಸವರಿ ಇಳಿಸಿದರೆ, ಅಜ್ಜಿ ಹಾಸಿಗೆ ಸೇರಿದ ಹಾಗೆ ಸದ್ದಿಲ್ಲದೆ ಒಳಗೆ! ಎಲೆ ಎಳೆದುಕೊಂಡರು, ರೆಕ್ಕೆ ಒಳಗೇ 'ಟಪ್' ಎಂದು ಬಿಚ್ಚಿಕೊಂಡಿತು. ಉಳಿದ ಏಳನ್ನು ಶ್ರೀಪಾದನೇ ಇಳಿಸಿದ. ಲೋಡರುಗಳು ಸ್ವಾಹಿಲಿಯಲ್ಲಿ "ಸವಾ! ಸವಾ!" (ಸರಿ! ಸರಿ!) ಎಂದು ಕುಣಿದರು.

ಅಷ್ಟರಲ್ಲಿ ಬಾಸ್ ಜತೆ ಮೇಡಂ ಬಂದರು. ಬಗ್ಗಿ ನೋಡಿದರು. ಮತ್ತೆ ನೋಡಿದರು.

"ಇವು ಹಡಗಿನವಲ್ಲ. ನಮ್ಮ ಟ್ರಕ್ಕಿನ ಕ್ಷಿಪಣಿ!"

ಮೂಲೆಯಲ್ಲಿ ಹಸಿರು ಟ್ರಕ್ಕಿನ ಮಾದರಿ ಬರಿಗೈಲಿ ನಿಂತಿತ್ತು. ಪಕ್ಕದಲ್ಲೇ, ಹಡಗಿನ ಸಣಕಲು ಕ್ಷಿಪಣಿಗಳ ಪೆಟ್ಟಿಗೆಯನ್ನು ಯಾರೂ ಬಿಚ್ಚಿಯೇ ಇರಲಿಲ್ಲ. ಶ್ರೀಪಾದ ಮೆಲ್ಲನೆ ಸರಿದು ಆ ಪೆಟ್ಟಿಗೆಗೆ ಅಡ್ಡ ನಿಂತ.

ಮೇಡಂ ಚಪ್ಪಾಳೆ ತಟ್ಟಿದರು! "ನೆಲದ ಕ್ಷಿಪಣಿ ಹಡಗಿಗೂ ಹಿಡಿಸುತ್ತೆ ಅಂತ ನಮ್ಮ ಎಂಜಿನಿಯರುಗಳ ಹತ್ತಿರ ಎಷ್ಟು ಜಗಳ ಆಡಿದ್ದೀನಿ! ನೀವು ಮಾಡೇ ತೋರಿಸಿಬಿಟ್ರಿ. ಇಂಥ ಹಡಗು ಇನ್ನೂ ಬೇಕಾದಷ್ಟು ಬರ್ತವೆ. ಎಲ್ಲ ಇಲ್ಲಿಗೇ!"

ಬಾಸ್ ತಬ್ಬಿಕೊಂಡರು. ಫೆಲಿಕ್ಸ್ ಶ್ರೀಪಾದನನ್ನು ಹೆಗಲ ಮೇಲೆ ಹೊತ್ತು ಗೋದಾಮು ಸುತ್ತಿದ.

"ಸಾರ್, ಆ ಕುರ್ಚಿ..." ಮೇಲಿನಿಂದಲೇ ಕೇಳಿದ ಶ್ರೀಪಾದ.

"ಕೊಟ್ಟ ಮಾತು ತಪ್ತೀನೇನಯ್ಯ? ಸಂಜೆಯೊಳಗೆ ನಿಂದು!"

ಸಂಜೆ ಪಿಕಪ್ಪಿನಲ್ಲಿ ಕುರ್ಚಿ ಬಂತು. ಮೆತ್ತನೆಯದು, ಗಾಲಿಯದು. ಹಡಗಿನ ಪಕ್ಕದಲ್ಲೇ ಇಳಿಸಿದರು. "ಇನ್ನು ನಿನ್ನನ್ನ ಇಲ್ಲಿಂದ ಅಲ್ಲಾಡಿಸೋದುಂಟೇ?" ಎಂದರು ಬಾಸ್.

ಕಿಟಕಿ ಮಾತ್ರ ಹರ್ಲಿಂಗ್‌ಹ್ಯಾಮಿನಲ್ಲೇ ಉಳಿಯಿತು.