ಮಾಜಿ ಪ್ರಧಾನಿಗೆ ಮಾರ್ಕು ಹಾಕಲು ಹೋಗಿ

ಪ್ರಶ್ನೆ ಕೇಳುವುದು ವರದಿಗಾರನ ಕೆಲಸ. ಆದರೆ ನಮ್ಮ ಕೊಪ್ಪದ ಸೀಮೆಯಲ್ಲಿ ಕೇಳಿದವನೇ ಪೇಚಿಗೆ ಸಿಕ್ಕಿ ಬರುವುದು ಹೆಚ್ಚು. ಮಾಜಿ ಪ್ರಧಾನಿಯೊಬ್ಬರು ಆಮೇಲೆ ಬರೀ ಸಂಸದರಾಗಿ ಹೇಗೆ ಕೆಲಸ ಮಾಡಿದರು ಅಂತ ಜನರನ್ನು ಕೇಳಿ ಬರೆಯಲು ಸಂಪಾದಕರು ಹೇಳಿದರು. ಅವರ ಭಾಷಣಗಳನ್ನೆಲ್ಲ ಓದಿಕೊಂಡು ಧೈರ್ಯವಾಗಿಯೇ ಹೊರಟೆ.

ಕೊಪ್ಪ ಬಸ್ ಸ್ಟ್ಯಾಂಡು

ಆಗಷ್ಟೇ ಘಾಟಿ ಇಳಿದು ಬಂದು ನಿಂತ ಬಸ್ಸಿನಲ್ಲಿ ಕೂತಿದ್ದ ನಿವೃತ್ತ ಡ್ರೈವರೊಬ್ಬರನ್ನು ಮೊದಲು ಕೇಳಿದೆ. ಅವರು ಅವಸರ ಮಾಡಲಿಲ್ಲ.

"ಕಷ್ಟ ಮಾರಾಯ್ರೇ. ನಾನೂ ಈಗ ಇದೇ ಬಸ್ಸಲ್ಲಿ ಪ್ಯಾಸೆಂಜರು. ತಿರುವು ಬಂದಾಗೆಲ್ಲ ಕಾಲು ತಾನಾಗಿ ಬ್ರೇಕ್ ಒತ್ತುತ್ತೆ. ಅವರಿಗೂ ಹಾಗೇ ಆಗಿರ್ಬೇಕು."

ಮುಂದಿನ ಸೀಟಿನಾತ ಸೊಂಟ ಸವರಿಕೊಳ್ಳುತ್ತ ತಿರುಗಿದ. "ಹಂಗಾದ್ರೆ ಅವರ ಮುಂದೆ ಕೂತವರನ್ನೂ ಒಂದ್ಮಾತು ಕೇಳಿ."

ಶೃಂಗೇರಿ

ಇಲ್ಲಿ ಸಿಕ್ಕಿದವರು ಹಿರಿಯ ಸಂಸ್ಕೃತ ಪಂಡಿತರು. ನೂರಕ್ಕೆ ಎಷ್ಟು ಕೊಡುತ್ತೀರಿ ಅಂದೆ. ಅವರ ಭಾಷಣ ನೀನು ಓದಿದ್ದೀಯಾ ಅಂದರು. ಎಲ್ಲವನ್ನೂ ಓದಿದ್ದೇನೆ ಅಂದೆ, ಸ್ವಲ್ಪ ಗತ್ತಿನಲ್ಲೇ. ಹಾಗಾದರೆ ಹೇಳು ಅಂದರು. ಒಳಗಿಂದ ಕಾಫಿ ಬಂದು ಆರಿಹೋಗುವವರೆಗೆ ಹೇಳಿದೆ. ಪಂಡಿತರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಚೆನ್ನಾಗಿ ಒಪ್ಪಿಸಿದೆ ಮಾಣಿ. ನಿಂಗೆ ಎಪ್ಪತ್ತು."

ನರಸಿಂಹರಾಜಪುರದ ಹತ್ತಿರ

ಒಂದು ಹಳ್ಳಿಯಲ್ಲಿ ಪಂಚಾಯ್ತಿ ಸದಸ್ಯರೊಬ್ಬರ ಮನೆಗೆ ಹೋದೆ. ಹಿಂದೆ ಅಲ್ಲಿನ ಅಧ್ಯಕ್ಷರಾಗಿದ್ದವರು. ಆ ಹೊತ್ತಿಗೆ ನನ್ನ ಪ್ರಶ್ನೆ ಸವೆದು ಚಿಕ್ಕದಾಗಿತ್ತು. "ದೊಡ್ಡ ಕುರ್ಚೀಲಿ ಕೂತಿದ್ದವರು ಬರೀ ಸದಸ್ಯರಾದ ಮೇಲೆ ಕೆಲಸ ಹೇಗೆ ಮಾಡಿದ್ದಾರೆ?" ಅಂತ ಕೇಳಿಬಿಟ್ಟೆ.

ಅವರ ಮುಖ ಸಣ್ಣಗಾಯಿತು. ಆಮೇಲೆ ಮಾತು ಶುರುವಾಯಿತು. ಸಭೆಯಲ್ಲಿ ಬಾಯಿ ತೆರೆದರೆ ಅಧಿಕಾರ ಇದ್ದಾಗ ಯಾಕೆ ಮಾಡಲಿಲ್ಲ ಅನ್ನುತ್ತಾರಂತೆ. ಸುಮ್ಮನೆ ಕೂತರೆ ಕುರ್ಚಿ ಹೋದ ಮೇಲೆ ನಾಲಿಗೆಯೂ ಹೋಯಿತು ಅನ್ನುತ್ತಾರಂತೆ. ನಿನ್ನೆ ಎದ್ದು ನಿಲ್ಲುತ್ತಿದ್ದವರು ಇವತ್ತು ಕಾಲು ಸಹ ಮಡಚುವುದಿಲ್ಲವಂತೆ. ದೆಹಲಿಯ ಒಳಮನಸ್ಸನ್ನು ಇವರಷ್ಟು ಯಾರೂ ಅರಿತಿಲ್ಲ ಅಂತ ನಾನು ಭರದಿಂದ ಬರೆದುಕೊಂಡೆ.

"ಇಷ್ಟಾದ್ರೂ ಶಾಲೆ ಹತ್ರದ ಮೋರಿ ಮಾಡಿಸಿದ್ದು ಯಾರು? ನಾನಲ್ವಾ?" ಅಂದರು.

ಪೆನ್ನು ಅಲ್ಲೇ ನಿಂತಿತು. ನಾನು ಕೇಳಿದ್ದು ಮಾಜಿ ಪ್ರಧಾನಿಯ ವಿಷಯ ಅಂತ ಮೆಲ್ಲಗೆ ಹೇಳಿದೆ. ಅವರು ಅಂಗಳ ನೋಡುತ್ತ ಒಂದು ಎಲೆ ಅಡಿಕೆ ಮುಗಿಸಿದರು.

"ಇರ್ಲಿ, ಬರೆದಿದ್ದು ಹೊಡೆದು ಹಾಕ್ಬೇಡಿ. ಅವರದ್ದೂ ಇದೇ ಕತೆ. ಮೋರಿ ಒಂದು ತೆಗೆದುಬಿಡಿ, ಅದು ನಂದು."