ಹನ್ನೆರಡು ಸೋಬಾನೆ, ಎರಡು ಕಂಪ್ಯೂಟರ್

ಕ್ರಮಬದ್ಧವಾಗಿ ಆರಂಭಿಸಿದ ಕೆಲಸಗಳೇ ನನ್ನ ಮನೆಯಲ್ಲಿ ನಗೆಪಾಟಲಾಗುತ್ತವೆ. ಅಡ್ಡಾದಿಡ್ಡಿ ಕೆಲಸಗಳು ಸುಸೂತ್ರವಾಗಿ ಮುಗಿಯುತ್ತವೆ. ಕಾರಣ ಇನ್ನೂ ತಿಳಿದಿಲ್ಲ.

ಭಾನುವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಮೋಡವಿಲ್ಲ, ಗಾಳಿಯಿಲ್ಲ, ಆ ಹೊತ್ತಿಗೇ ಸೆಕೆ. ಸ್ಥಳ, ರಾಮನಗರದ ನಮ್ಮ ಮನೆಯ ಹಿಂದಿನ ಕೋಣೆ. ಹಾಜರಿದ್ದವರು: ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು; ನನ್ನ ಪತ್ನಿ; ಕೂಟಗಲ್ಲಿನಿಂದ ಬಂದಿದ್ದ ನನ್ನ ಅಕ್ಕ; ಬಿಡದಿಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತ, ರಜೆಯ ದಿನ ಕಂಪ್ಯೂಟರ್ ಜೋಡಿಸಿಕೊಡುವ ನನ್ನ ಹಳೆಯ ವಿದ್ಯಾರ್ಥಿ. ಈ ಕೊನೆಯವನು ಹತ್ತು ನಿಮಿಷ ತಡ.

ಆ ಕೋಣೆಯಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದೆವು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿಟ್ಟರೆ ದನಿ ಮೊಳಗುವುದಿಲ್ಲವೆಂದು ಕಂಡುಕೊಂಡು, ನಿವೃತ್ತಿಯ ನಂತರ ಅದನ್ನೇ ರೆಕಾರ್ಡಿಂಗ್ ಕೋಣೆ ಮಾಡಿಕೊಂಡೆ. ಅಕ್ಕ ಹಾಡಿದ ಹನ್ನೆರಡು ಸೋಬಾನೆಗಳು ಅಲ್ಲಿನ ಹಳೆಯ ಕಂಪ್ಯೂಟರಿನಲ್ಲಿದ್ದವು. ಹಾಡಿದ ಮರುವರ್ಷ ಅಕ್ಕನ ಮುಂದಿನ ಹಲ್ಲುಗಳೆಲ್ಲ ಹೋದವು. ಬುಧವಾರ ಅವಳ ಮೊಮ್ಮಗಳ ಮದುವೆ.

"ನನ್ನ ಮೊಮ್ಮಗಳ ಹಸೆ ಮುಂದೆ ನನ್ನ ದನಿನೇ ಆಗ್ಬೇಕು ಕಣಪ್ಪ. ಈ ಬೊಚ್ಚುಬಾಯಲ್ಲಿ ಆಗಾಕಿಲ್ಲ" ಎಂದಿದ್ದಳು.

ಹಳೆಯ ಯಂತ್ರ ದಿನಕ್ಕೆ ನಾಲ್ಕು ಬಾರಿ ನಿಲ್ಲುತ್ತಿತ್ತು. ಪೂರ್ತಿ ನಿಲ್ಲುವ ಮೊದಲು ಹಾಡುಗಳನ್ನು ಹೊಸದಕ್ಕೆ ದಾಟಿಸಿ, ಮದುವೆಗೊಂದು ಸಿ.ಡಿ. ಮಾಡಬೇಕಿತ್ತು.

೧. ಮೂರು ನಿಮಿಷ

ವಿದ್ಯಾರ್ಥಿ ಹಳೆಯ ಡಿಸ್ಕನ್ನು ಕಳಚಿ ಹೊಸ ಯಂತ್ರಕ್ಕೆ ಜೋಡಿಸಿದ. ಹಾಡುಗಳು ದಾಟತೊಡಗಿದವು. ಉಳಿದಿರುವುದು ಮೂರು ನಿಮಿಷ ಎಂದು ಪರದೆ ತೋರಿಸಿತು. ನಾನು ಗಡಿಯಾರ ನೋಡಿಕೊಂಡೆ. ಮೂರು ನಿಮಿಷ ಕಳೆದ ಮೇಲೆ ನಲವತ್ತು ಎಂದಿತು. ಆಮೇಲೆ ಹನ್ನೊಂದು. ಆಮೇಲೆ ಎರಡು ಗಂಟೆ.

"ಇದೇನಯ್ಯ? ಒಂದು ಮಾತಿನ ಮೇಲೆ ನಿಲ್ಲುವುದಿಲ್ಲವೆ?"

"ಅದು ಅಂದಾಜು ಸಾರ್. ಒಸಿ ತಾಳ್ಕಳಿ."

"ಬರೆದು ತೋರಿಸಿದ ಮೇಲೆ ಅಂದಾಜು ಎನ್ನಬಾರದು."

ಅಡಿಗೆಮನೆಯಿಂದ ಪತ್ನಿಯ ದನಿ ಬಂತು: "ಬೈಬೇಡಿ ಅದನ್ನ. ಊಟಕ್ಕೆ ಎಷ್ಟೊತ್ತು ಅಂತ ನೀವು ಕೇಳ್ದಾಗ ನಾನೂ ಹಂಗೇ ಹೇಳೋದು. ನಿಮ್ಮನ್ನ ಸುಮ್ನೆ ಕೂರ್ಸಕ್ಕೆ."

೨. ಹೊಳೆಯುವ ಕಡೆ

ನಾಲ್ಕು ಖಾಲಿ ಸಿ.ಡಿ. ತಂದಿಟ್ಟಿದ್ದೆ. ಒಂದನ್ನೂ ಹೊಸ ಯಂತ್ರ ಒಪ್ಪಲಿಲ್ಲ. ವಿದ್ಯಾರ್ಥಿ ತಿರುಗಿಸಿ ನೋಡಿದ. ನಾಲ್ಕಕ್ಕೂ ಹೊಳೆಯುವ ಬದಿಗೆ ಅರಿಶಿನ ಬಳಿದು ಕುಂಕುಮ ಇಡಲಾಗಿತ್ತು. ಬೆಳಿಗ್ಗೆ ಪತ್ನಿಯಿಂದ ಹೊಸ ಯಂತ್ರಕ್ಕೆ ಪೂಜೆಯಾಗಿದ್ದುದು ನನಗೆ ಗೊತ್ತಿತ್ತು. ಇಷ್ಟು ಕೂಲಂಕಷವಾಗಿ ಆಗಿದ್ದುದು ಗೊತ್ತಿರಲಿಲ್ಲ.

"ಅಮ್ಮಾ, ಈ ಕಡೆ ಯಾಕಮ್ಮ ಇಟ್ರಿ? ಹಾಡು ಬರೆಯೋದೇ ಇಲ್ಲಿ."

"ಕುಂಕುಮ ಮುಖಕ್ಕೆ ತಾನೇ ಇಡೋದು? ನನ್ನ ಮುಖ ಕಂಡಿದ್ದು ಆ ಕಡೆನೇ ಕಣಪ್ಪ."

ತರ್ಕದಲ್ಲಿ ದೋಷವಿರಲಿಲ್ಲ. ಐದನೆಯ ಸಿ.ಡಿ. ತರಲು ನಾನೇ ಬಸ್ ನಿಲ್ದಾಣದವರೆಗೆ ಬಿಸಿಲಿನಲ್ಲಿ ನಡೆದೆ. ಹೊರಡುವಾಗ ಪತ್ನಿ ಬಾಗಿಲಿನಿಂದ ಕೂಗಿ ಹೇಳಿದಳು: "ತಂದ ತಕ್ಷಣ ನನ್ನ ಕೈಗೆ ಕೊಡಿ. ಪೂಜೆ ಇಲ್ದೆ ಮೆಷಿನ್ನಿಗೆ ಹಾಕ್ಬುಟ್ಟೀರ!"

೩. ಹಾಜರಿ

ನಾಲ್ಕು ಗಂಟೆಗೆ ಸಿ.ಡಿ. ಸಿದ್ಧವಾಯಿತು. ಮದುವೆಯ ಶಾಸ್ತ್ರಗಳ ಕ್ರಮಕ್ಕೆ ಸರಿಯಾಗಿ ಹಾಡುಗಳಿಗೆ ಒಂದರಿಂದ ಹನ್ನೆರಡರವರೆಗಿನ ಅಂಕಿಗಳನ್ನೇ ಹೆಸರಾಗಿ ಕೊಟ್ಟಿದ್ದೆ. ಎಣಿಸಿದೆ. ಹನ್ನೆರಡೂ ಇದ್ದವು. ಗೈರುಹಾಜರಿ ಇಲ್ಲವೆಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ.

"ಒಂದ್ಸಲ ಪೂರ್ತಿ ಕೇಳ್ಬುಡಿ ಸಾರ್" ಎಂದ ವಿದ್ಯಾರ್ಥಿ.

"ಪರಿಶೀಲನೆ ಮುಗಿದಿದೆ" ಎಂದೆ.

ಆದರೂ ಅಕ್ಕನ ಸಮಾಧಾನಕ್ಕೆ ಮೊದಲ ಹಾಡನ್ನು ಕೇಳಿಸಿದೆ. ಅವಳು ತಲೆ ವಾಲಿಸಿ ಕೇಳಿದಳು.

"ಚೆನ್ನಾಗಿ ಹಾಡ್ತಾಳೆ. ಯಾವೂರೋಳು?"

"ನೀನೇ ಅಕ್ಕ."

"ನಾನಾ?" ಎಂದು ಇನ್ನೊಂದು ಗಳಿಗೆ ಕೇಳಿ, "ಹಂಗಾದ್ರೆ ಎರಡ್ನೇ ಸಾಲ ಒಸಿ ಎಳ್ದುಬುಟ್ಟವಳೆ" ಎಂದಳು.

೪. ಎರಡನೆಯ ಹಾಡು

ಬುಧವಾರ ಬೆಳಿಗ್ಗೆ, ಕೂಟಗಲ್. ಅಕ್ಕನ ಮನೆಯ ಮುಂದಿನ ಚಪ್ಪರ. ಗಂಡಿನ ಕಡೆಯವರು ಮಾಗಡಿಯಿಂದ ಬಾಡಿಗೆ ಬಸ್ಸಿನಲ್ಲಿ ಹಿಂದಿನ ಸಂಜೆಯೇ ಬಂದಿಳಿದಿದ್ದರು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದರು. ಮೈಕ್ ಸೆಟ್ಟಿನವನು ಸಿ.ಡಿ. ಹಾಕಿದ. ಅಕ್ಕನ ಹಲ್ಲಿದ್ದ ಕಾಲದ ದನಿಯಲ್ಲಿ ಅರಿಶಿನದ ಹಾಡು ಹೊಂಗೆಮರದ ಮೇಲಿನ ಹಾರನ್ನಿನಿಂದ ಹೊರಟಿತು. ಮುತ್ತೈದೆಯರು ಹುಡುಗಿಯ ಕೆನ್ನೆಗೆ ಅರಿಶಿನ ಹಚ್ಚಿದರು. ಅಕ್ಕ ನನ್ನ ಕಡೆ ನೋಡಿ ತಲೆಯಾಡಿಸಿದಳು. ಅದು ಅಪರೂಪದ ಮನ್ನಣೆ.

ಎರಡನೆಯ ಹಾಡು ಶುರುವಾಯಿತು. ಅದು ಹೆಣ್ಣು ಒಪ್ಪಿಸುವ ಹಾಡು. ಮದುವೆಯೆಲ್ಲ ಮುಗಿದು, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹಾಡತಕ್ಕದ್ದು.

ಹುಡುಗಿ ಗೊಳೋ ಎಂದಳು. ಅವಳ ತಾಯಿಯೂ ಅತ್ತಳು. ಮುತ್ತೈದೆಯರು ಅರಿಶಿನದ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನೂ ಜೋರಾಗಿ ಅತ್ತರು. ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದ ಮದುಮಗ ಬಾಯಲ್ಲಿ ನೊರೆ ಸಮೇತ ಓಡಿಬಂದ: "ತಾಳಿ ಯಾರ್ ಕಟ್ಟಿದ್ರು?"

ಅಷ್ಟರಲ್ಲಿ ಬಸ್ಸಿನ ಡ್ರೈವರು ಗಾಡಿ ಚಾಲೂ ಮಾಡಿ ಹಾರನ್ ಒತ್ತತೊಡಗಿದ. "ಹತ್ರಪ್ಪ, ಹತ್ರಿ! ಈ ಹಾಡಾದ್ಮೇಲೆ ನಾನು ಯಾವತ್ತೂ ನಿಂತಿಲ್ಲ!"

ಊಟಕ್ಕೆಂದೇ ಬಂದಿದ್ದ ನನ್ನ ವಿದ್ಯಾರ್ಥಿ ಓಡಿಬಂದು ಕಿವಿಯಲ್ಲಿ ಹೇಳಿದ: "ಸಾರ್, ಕಂಪ್ಯೂಟರ್ ಮೊದಲ್ನೇ ಅಂಕಿ ನೋಡಿ ಜೋಡಿಸ್ಬುಟ್ಟೈತೆ. ಒಂದಾದ್ಮೇಲೆ ಹತ್ತು, ಹನ್ನೊಂದು, ಹನ್ನೆರಡು, ಆಮೇಲೆ ಎರಡು. ಒಂದಂಕಿ ಹಾಡುಗಳ ಎಡಕ್ಕೆ ನೀವು ಸೊನ್ನೆ ಹಾಕ್ಬೇಕಿತ್ತು."

"ಸೊನ್ನೆ ಹಾಕುವುದನ್ನು ನಾನು ಮರೆತೆನೆ?"

"ನನ್ನ ಲೆಕ್ಕದ ಪೇಪರ್ನಲ್ಲಿ ಒಂದ್ಸಲಾನೂ ಮರ್ತಿರ್ನಿಲ್ಲ ಸಾರ್."

ಅಕ್ಕ ಎದ್ದಳು. ಮೈಕ್ ಸೆಟ್ಟಿನವನನ್ನು ಪಕ್ಕಕ್ಕೆ ತಳ್ಳಿ, ಸಿ.ಡಿ. ನಿಲ್ಲಿಸಿ, ಮೈಕು ಹಿಡಿದು ನಿಜವಾದ ಎರಡನೆಯ ಹಾಡನ್ನು ತಾನೇ ಎತ್ತಿದಳು. ಅರ್ಧ ಹಾಡು, ಅರ್ಧ ಗಾಳಿ. ಆದರೆ ತಾಳ ತಪ್ಪಲಿಲ್ಲ. ಹೆಂಗಸರು ಸೊಲ್ಲು ಹಿಡಿದರು. ಹುಡುಗಿ ಅಳುತ್ತಲೇ ನಕ್ಕಳು. ಡ್ರೈವರು ಎಂಜಿನ್ ಬಂದ್ ಮಾಡಿದ. ಮದುಮಗ ಬಾಯಿ ಮುಕ್ಕಳಿಸಲು ಹೋದ.

ಹಾಡು ಮುಗಿಸಿದ ಅಕ್ಕ ಮೈಕನ್ನು ಕೆಳಗಿಡದೆ ನನ್ನ ಕಡೆ ತಿರುಗಿದಳು. ತೀರ್ಪು ಹೊಂಗೆಮರದ ಮೇಲಿನಿಂದ ಇಡೀ ಕೂಟಗಲ್ಲಿಗೆ ಕೇಳಿಸಿತು:

"ಮೂವತ್ತೈದು ವರ್ಸ ಊರ ಮಕ್ಕಳನ್ನೆಲ್ಲ ಸಾಲಲ್ಲಿ ನಿಲ್ಲಿಸ್ದೆ. ಹನ್ನೆರಡು ಹಾಡ ಸಾಲಲ್ಲಿ ನಿಲ್ಸಕ್ಕಾಗ್ನಿಲ್ವಲ್ಲೋ ನಿಂಗೆ!"